ಮಧುರಾಳ ಮಂಚದ ಪಕ್ಕದ ಮನಿ ಪ್ಲಾಂಟು

ಹಸಿ ಮಣ್ಣಿನ ವಾಸನೆ, ಕಾರ್ಪೆಟ್ಟಿನಿಂದ ಬರುತ್ತಿದೆಯೋ ಕೈಯಲ್ಲಿರುವ ಕುಂಡದಿಂದಲೋ ಗುರುದತ್ತನಿಗೆ ತಿಳಿಯಲಿಲ್ಲ, ಉಳಿದ ಕುಂಡಗಳೆಲ್ಲ ಆಗಲೇ ಬಾಲ್ಕನಿ ಸೇರಿವೆ, ಇದೊಂದು ಬಾಕಿ, ಮಗಳ ಮಂಚದ ಪಕ್ಕದ್ದು — ಮಧುರಾ ದಿಂಬಿಗೊರಗಿ ಕೂತು ನೋಡುತ್ತಿದ್ದಾಳೆ, ಏಳು ವರ್ಷದ ಕೊರಳು, ಉಸಿರೆಳೆದಾಗೆಲ್ಲ ಅದರ ಬುಡದಲ್ಲೊಂದು ಗುಳಿ, ಗೋಲಿ ಕೂರುವಷ್ಟು. ಮಣ್ಣಲ್ಲಿ ಬೂಷ್ಟು ಹಿಡಿದಿರುತ್ತೆ, ಇವಳ ಆಸ್ತಮಾಗೆ ಅದೇ ಶತ್ರು, ಇವತ್ತೇ ಎಲ್ಲ ಆಚೆ ಹಾಕಿ, ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದು ಬೆಳಿಗ್ಗೆಯಿಂದ ತಲೆಯಲ್ಲಿ ಕನ್ನಡದಲ್ಲೇ ಸುತ್ತುತ್ತಿದೆ. ಕುಂಡ ಶುರುವಾದದ್ದೇ ಇಲ್ಲಿನ ಪರಿಚಯದ ಮೂರ್ತಿ ಅಂಕಲ್ ದೆಸೆಯಿಂದ, ತೊಂಬತ್ತನೇ ಇಸವಿ ಯುಗಾದಿ ಊಟಕ್ಕೆ ಪೇಪರ್ ಕಟಿಂಗ್ ಸಮೇತ ಬಂದವರು, ಅಮೆರಿಕದ ಸ್ಪೇಸಿನವರೇ ಹೇಳಿದ್ದಾರಮ್ಮ ಜಯಲಕ್ಷ್ಮಿ, ಗಿಡ ಇಟ್ರೆ ರೂಮಿನ ಗಾಳಿ ಕ್ಲೀನು, ರಾಕೆಟ್ಟಿಗೇ ಆಗುತ್ತೆ ಅಂದ್ಮೇಲೆ ನಿಮ್ಮ ಯೂನಿಟ್ಟಿಗೆ, ಈ ಪುಟ್ಟ ಫ್ಲಾಟಿಗೆ ಆಗಲ್ವ — ಆಮೇಲೆ ಹೆಂಡತಿಯನ್ನು ಹಿಡಿಯುವವರಿರಲಿಲ್ಲ, ಫ್ರಿಜ್ಜಿನ ಮೇಲೆ ಎಲೆ, ಟಿವಿ ಮೇಲೆ ಬಳ್ಳಿ, ನ್ಯೂಸ್ ಓದುವವಳಿಗೂ ಮೀಸೆ ಬಂದಿತ್ತು. ಈ ಪರದೇಶದ ಪೇಟೆ ಚಾಟ್ಸ್‌ವುಡ್ಡಿನ ಆಫೀಸು ಕಟ್ಟಡಗಳಿಗೆ ಏರ್ ಕಂಡೀಷನಿಂಗ್ ಲೆಕ್ಕ ಹಾಕುವ ಎಂಜಿನಿಯರು ಅವನು, ಎಷ್ಟು ಜನಕ್ಕೆ ಎಷ್ಟು ಗಾಳಿ ಅಂತ ಸಹಿ ಹಾಕುವವನು, ಹೇಳಿಯೂ ಹೇಳಿದ್ದ, ಈ ರೂಮಿನ ಗಾಳಿ ತೊಳೆಯೋಕೆ ಕುಂಡ ಸಾಲಲ್ಲ ಕಣೇ, ಬಂಡೀಪುರಾನೇ ತರಬೇಕು, ಅದಕ್ಕವಳು, ಸರಿ, ಮತ್ತೇನು ಮಾಡೋಣ ನೀವೇ ಹೇಳಿ, ಕಿಟಕಿ ತೆಗೆದ್ರೆ ಹುಲ್ಲಿನ ಪರಾಗ, ಮುಚ್ಚಿದ್ರೆ ಧೂಳು — ಊರಿಗೆಲ್ಲ ಗಾಳಿ ಕೊಡುವವನು ಅಂದಿನಿಂದ ಕುಂಡಗಳಿಗೆ ನೀರು ಹಾಕುತ್ತ ಬಂದ.

ಮಗಳಿಗೆ ಜಯಲಕ್ಷ್ಮಿಯೇ ಹೇಳಿಕೊಟ್ಟದ್ದು, ಹೆದರಬೇಡ ಪುಟ್ಟಿ, ನಿಂಗೆ ಕಷ್ಟ ಆದಾಗ ಗಿಡ ನಿನ್ನ ಪರವಾಗಿ ಉಸಿರಾಡುತ್ತೆ, ಎಲೆ ನೋಡ್ತಾ ನಿಧಾನಕ್ಕೆ ಎಳಿ, ನಗು ಬಂದಿತ್ತು ಅವನಿಗೆ, ಆದರೆ ಎಲೆ ನೋಡುತ್ತ ನೋಡುತ್ತ ಆ ಗುಳಿ ತುಂಬಿಕೊಂಡದ್ದನ್ನು ಎಷ್ಟೋ ಸಲ ತಾನೇ ಕಂಡಿದ್ದಾನೆ, ಅದಕ್ಕೆ ಯಾವ ಲೆಕ್ಕ. ಈಗ ಜಯಲಕ್ಷ್ಮಿಯೇ ಉಸಿರಿನ ಔಷಧಿಯ ಪಫರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ತಗೊಂಡು ಹೋಗಿ ಅಂತ ಕಣ್ಣಲ್ಲೇ, ಬೇಡ ಅಂತಲೂ ಕಣ್ಣಲ್ಲೇ. ಡೋಂಟ್ ಟೇಕ್ ಇಟ್, ಅಪ್ಪ, ಇಟ್ಸ್ ಬ್ರೀದಿಂಗ್ ಫಾರ್ ಮಿ, ಮಧುರಾ ನಡುವೆ ಎರಡು ಸಲ ಉಸಿರಿಗೆ ನಿಂತು ನಿಂತು ಹೇಳಿದಳು, ಅವನು ಬಾಗಿಲ ಕಡೆ ಹೆಜ್ಜೆಯಿಟ್ಟ, ಗುಳಿ ಆಳವಾಯಿತು, ಮಂಚದ ಕಡೆ ತಿರುಗಿದ, ಬೂಷ್ಟು ಅವಳ ಮೂಗಿಗೆ, ಮತ್ತೆ ಬಾಗಿಲ ಕಡೆ, ಕುಂಡ ಕೈಯಲ್ಲೇ, ಔಷಧಿ ಈಗ ತಾನೇ ಎಳಕೊಂಡಿದ್ದಾಳೆ, ಹಿಡಿಯೋಕೆ ಸ್ವಲ್ಪ ಟೈಮ್ ಬೇಕು, ಅಷ್ಟೇ, ಎಲೆ ನೋಡಬೇಡ ಪುಟ್ಟಿ, ನನ್ನ ನೋಡು, ಇಲ್ಲಿ, ನನ್ನ — ಅವಳು ಎಲೆಯನ್ನೇ ನೋಡಿದಳು, ಕೊರಳ ಬುಡದ ಗುಳಿ, ಒಳಗೆ, ಹೊರಗೆ, ಒಳಗೆ —