ಒರ್ಬೆಲಿನಾ ಇಲ್ಲಿದ್ದ ಪುರಾವೆ

ಹನ್ನೊಂದು ವರ್ಷ ನ್ಯೂ ಆರ್ಲಿಯನ್ಸಿನಲ್ಲಿ ಯಾರ ಕಣ್ಣಿಗೂ ಬೀಳದೆ ಬದುಕಿದ್ದು ಒರ್ಬೆಲಿನಾಳಿಗೆ ಒಳಗೊಳಗೇ ಹೆಮ್ಮೆಯ ವಿಷಯವಾಗಿತ್ತು. ಕೋಣೆ ಇನ್ನೊಬ್ಬರ ಹೆಸರಲ್ಲಿ, ಕೂಲಿ ಕೈಗೆ, ಜ್ವರ ಬಂದರೆ ಶುಂಠಿ ಕಷಾಯ. ಈಗ ಆ ಜಾಣತನವೇ ಕುತ್ತಿಗೆಗೆ ಬಂದಿತ್ತು.

ಚಂಡಮಾರುತ ಹೊಂಡುರಾಸನ್ನು ತೊಳೆದುಹಾಕಿದ ಮೇಲೆ, ಇಲ್ಲಿರುವ ಹೊಂಡುರಾಸಿನವರು ಸದ್ಯಕ್ಕೆ ಇಲ್ಲೇ ಇದ್ದು ದುಡಿಯಬಹುದು ಎಂದು ಅಮೆರಿಕ ಸರ್ಕಾರ ಹೇಳಿತ್ತು. ಆದರೆ ಕಳೆದ ಡಿಸೆಂಬರ್ ಮೂವತ್ತಕ್ಕೂ ಮೊದಲೇ ಇಲ್ಲಿದ್ದೆ ಎಂದು ತೋರಿಸಬೇಕು. ತೋರಿಸಲಾಗದಿದ್ದರೆ ಯಾವತ್ತಾದರೂ ಹಿಡಿದು ವಾಪಸ್ಸು ಕಳಿಸಿಯಾರು. ವಾಪಸ್ಸು ಹೋಗಲು ಚೊಲುತೆಕಾ ನದಿಯ ದಂಡೆಯಲ್ಲಿ ಅವಳ ಮನೆಯೇ ಉಳಿದಿರಲಿಲ್ಲ. ಮಗಳು ಡೇರೆಯಲ್ಲಿ ಕೂತು ತಾಯಿ ಕಳಿಸಿದ್ದರಲ್ಲಿ ಉಣ್ಣುತ್ತಿದ್ದಳು.

ಚರ್ಚಿನ ಹಾಲ್‌ನಲ್ಲಿ ಅರ್ಜಿ ತುಂಬಿಕೊಡುವ ಎವೆಲಿಯೊ ಕನ್ನಡಕವನ್ನು ಹಣೆಗೇರಿಸಿದ. "ಕರೆಂಟ್ ಬಿಲ್ಲಿಲ್ಲ, ಬ್ಯಾಂಕಿಲ್ಲ, ಆಸ್ಪತ್ರೆ ಚೀಟಿ ಇಲ್ಲ. ದೋನ್ಯಾ ಒರ್ಬೆಲಿನಾ, ದೆವ್ವ ಕೂಡ ನಿಮಗಿಂತ ಜಾಸ್ತಿ ಗುರುತು ಬಿಡುತ್ತೆ."

"ಕಷ್ಟಪಟ್ಟು ಕಲಿತ ವಿದ್ಯೆ ಕಣಪ್ಪಾ ಅದು."

"ಯಾವುದಾದ್ರೂ ಫೋಟೋ ಹುಡುಕಿ. ನಿಮ್ಮ ಮುಖ ಇರ್ಬೇಕು, ತಾರೀಕು ಇರ್ಬೇಕು."

ಅವಳು ನೇರವಾಗಿ ಡುನಿಯಾಳ ಮನೆಗೆ ಹೋದಳು. ಊರಲ್ಲಿ ಒರ್ಬೆಲಿನಾಳ ಮಗಳ ಜ್ಞಾನಸ್ನಾನಕ್ಕೆ ಧರ್ಮಮಾತೆಯಾಗಿ ನಿಂತವಳು ಡುನಿಯಾ. ಅಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ಆಲ್ಬಮ್ಮುಗಳನ್ನು ಹರಡಿಕೊಂಡು ಕೂತರು. ಕ್ರಿಸ್ಮಸ್ ಫೋಟೋದಲ್ಲಿ ಬಾಳೆಲೆಯಲ್ಲಿ ಹಿಟ್ಟು ಸುತ್ತುತ್ತಿದ್ದ ಒಂದು ಕೈ. ಹುಟ್ಟುಹಬ್ಬದ ಕೇಕಿನ ಹಿಂದೆ ಅರ್ಧ ಕಿವಿ.

"ಈ ಕೈ ನಂದೇ. ಉಂಗುರ ನೋಡು," ಎಂದಳು ಒರ್ಬೆಲಿನಾ.

"ಕ್ಯಾಮೆರಾ ಕಂಡ್ರೆ ಪೊಲೀಸ್ರನ್ನ ಕಂಡಂಗೆ ಓಡ್ತಿದ್ದೆ. ಈಗ ಅನುಭವಿಸು, ಕೊಮಾದ್ರೆ."

ಹೆದರಿಕೊಂಡು ಬಂದವಳಿಗೆ ಈಗ ವಿಚಿತ್ರ ಕುತೂಹಲ ಹತ್ತಿತು. ಇಷ್ಟು ವರ್ಷ ಇಲ್ಲಿ ಓಡಾಡಿದ ಈ ಹೆಂಗಸು ನೋಡಲು ಹೇಗಿದ್ದಳು? ಸಿಟ್ಟಿನವಳೋ, ನಗುವವಳೋ? ಒಂದೊಂದು ಪುಟವನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು.

ಡುನಿಯಾ ತಡವರಿಸಿದಳು. "ಒಂದು ವೀಡಿಯೊ ಕ್ಯಾಸೆಟ್ ಇದೆ. ಲಿಸಾಂದ್ರೋದು."

ಲಿಸಾಂದ್ರೋ ಒರ್ಬೆಲಿನಾಳ ತಮ್ಮ. ನದಿ ಏರಿದಾಗ ದಿಬ್ಬ ಹತ್ತಿದ್ದವನು, ಅಕ್ಕ ಬಿಟ್ಟುಹೋದ ಹೊಲಿಗೆ ಮಿಷಿನ್ ತರಲೆಂದು ಮತ್ತೆ ಇಳಿದಿದ್ದ. ಇಲ್ಲಿನ ಓಣಿಯಲ್ಲಿ ಯಾರು ಸತ್ತರೂ ಒಂಬತ್ತು ದಿನದ ಪ್ರಾರ್ಥನೆ ಹೇಳಿಸುವವಳು ಒರ್ಬೆಲಿನಾಳೇ. ತಮ್ಮನಿಗೂ ಈ ಮನೆಯಲ್ಲೇ ಹೇಳಿಸಿದ್ದಳು. ಕೊನೆಯ ದಿನವನ್ನು ಡುನಿಯಾಳ ಗಂಡ ಊರಿಗೆ ಕಳಿಸಲೆಂದು ಚಿತ್ರಿಸಿದ್ದ. ಕಳಿಸಲು ಅಲ್ಲಿ ವಿಳಾಸವೇ ಉಳಿದಿರಲಿಲ್ಲ.

"ಅದ್ರಲ್ಲಿ ನಾನಿರಲ್ಲ. ಒಳಕೋಣೆ ಬಾಗಿಲ ಹಿಂದೆ ನಿಂತು ಹೇಳಿದ್ದೆ," ಎಂದಳು ಒರ್ಬೆಲಿನಾ.

"ಹಾಕಿ ನೋಡೋಣ ತಡಿ."

ಟಿವಿಯ ಮೂಲೆಯಲ್ಲಿ ತಾರೀಕು ಮೂಡಿತು: ನವೆಂಬರ್ ಹನ್ನೆರಡು. ಬಿಳಿ ಬಟ್ಟೆ ಹೊದಿಸಿದ ಪೀಠ, ಮೇಣದ ಬತ್ತಿ, ಲಿಸಾಂದ್ರೋನ ಫೋಟೋ. ನಲವತ್ತು ನಿಮಿಷ ಬರೀ ಅವಳ ಧ್ವನಿ. ಡುನಿಯಾ ನಿಲ್ಲಿಸಲು ಕೈ ಚಾಚಿದಳು.

"ಇರು. ಪೀಠ ಎತ್ತೋದು ಬಾಕಿ ಇದೆ," ಎಂದಳು ಒರ್ಬೆಲಿನಾ.

ಒಂಬತ್ತನೆಯ ದಿನ ಪೀಠ ಎತ್ತುವುದು ಪ್ರಾರ್ಥನೆ ಹೇಳಿಸಿದವರ ಕೆಲಸ. ಬತ್ತಿಗಳನ್ನು ಅವರೇ ಒಂದೊಂದಾಗಿ ಆರಿಸಬೇಕು, ಕೊನೆಯದನ್ನು ಉರಿಯುತ್ತಲೇ ಹಿಡಿದು ಬಾಗಿಲವರೆಗೆ ಹೋಗಿ ಆತ್ಮವನ್ನು ಕಳಿಸಿಕೊಡಬೇಕು. ಅದನ್ನು ಬೇರೆಯವರು ಮಾಡುವಂತಿಲ್ಲ.

ಕಪ್ಪು ಬಟ್ಟೆಯ ಹೆಂಗಸೊಬ್ಬಳು ಚಿತ್ರದೊಳಗೆ ಬಂದಳು. ಬತ್ತಿಗಳನ್ನು ಊದಿದಳು, ಬಟ್ಟೆ ಮಡಿಸಿದಳು. ಕೊನೆಯ ಬತ್ತಿ ಹಿಡಿದು ಬಾಗಿಲ ಕಡೆ ತಿರುಗಿದಳು. ಕ್ಯಾಮೆರಾ ಇದ್ದದ್ದೂ ಬಾಗಿಲಲ್ಲೇ. ಮುಖದ ತುಂಬ ನೀರು. ಒರೆಸಿಕೊಳ್ಳುವ ಎಚ್ಚರವೂ ಅವಳಿಗಿರಲಿಲ್ಲ.

"ಸಿಕ್ತು. ಮುಖ, ತಾರೀಕು, ಎರಡೂ," ಎಂದು ಡುನಿಯಾ ಚಿತ್ರವನ್ನು ಅಲ್ಲೇ ನಿಲ್ಲಿಸಿದಳು.

ಒರ್ಬೆಲಿನಾ ನೋಡಬೇಕೆಂದಿದ್ದ ಹೆಂಗಸನ್ನು ನೋಡಿದ್ದಾಗಿತ್ತು. ಅವಳ ಮೇಲೆ ಕನಿಕರ ಬಂತು, ಜೊತೆಗೇ ತಡೆಯಲಾರದ ಕೋಪ.

ಶನಿವಾರ ಎವೆಲಿಯೊ ಆ ಚಿತ್ರದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ ಪೆನ್ನು ಹಿಡಿದ. "ಚೆನ್ನಾಗಿದೆ ಪುರಾವೆ. ಜೊತೆಗೆ ನಿಮ್ಮ ಹೇಳಿಕೆ ಬೇಕು. ನವೆಂಬರ್ ಹನ್ನೆರಡಕ್ಕೆ ಎಲ್ಲಿದ್ರಿ?"

"ಅಲ್ಲಿ ನನ್ ತಮ್ಮನ್ನ ಇನ್ನೂ ಕೆಸರಲ್ಲಿ ಹುಡುಕ್ತಿದ್ರು," ಎಂದಳು ಒರ್ಬೆಲಿನಾ. "ನಾನು ಇಲ್ಲೇ ಇದ್ದೆ."

ಎವೆಲಿಯೊ ಕೊನೆಯ ಮಾತನ್ನಷ್ಟೇ ಬರೆದುಕೊಂಡ.