ಒಂಬತ್ತು ಗುಳಿಯ ಸೌಟು

“ಅವತ್ತು ನಾನು ತಲೆ ಅಲ್ಲಾಡಿಸದೆ ಸುಮ್ಮನೆ ನಿಂತಿದ್ದರೆ ಏನಾಗ್ತಿತ್ತು?”

ತೂರ್ಲೈಫ್ ಪಾದ್ರಿ ಕೇಳಿದ್ದು ಯಾರನ್ನೂ ಅಲ್ಲ. ಗುಡಾರದಲ್ಲಿ ಅವನನ್ನು ಬಿಟ್ಟರೆ ಇದ್ದದ್ದು ಒಂದು ಕಬ್ಬಿಣದ ಒಲೆ, ಮುಚ್ಚಳ ತೆರೆದ ಒಂದು ಮರದ ಪೆಟ್ಟಿಗೆ, ಅವನ ಕೈಯಲ್ಲೊಂದು ಸೌಟು. ಒಲೆಯೊಳಗೆ ಒಣಸಗಣಿ ಚಟಪಟ ಎಂದಿತು. ಅಷ್ಟನ್ನೇ ಉತ್ತರವೆಂದುಕೊಂಡು ಸುಮ್ಮನಾಗುವ ವಯಸ್ಸು ಅವನದು.

ಸೌಟು ಬಿಳಿತೊಗಟೆಯ ಮರದ್ದು. ಉದ್ದನೆಯ ಹಿಡಿ, ಚಪ್ಪಟೆ ತುದಿ, ಆ ತುದಿಯಲ್ಲಿ ಸಾಲಿಗೆ ಮೂರರಂತೆ ಕೊರೆದ ಒಂಬತ್ತು ಪುಟ್ಟ ಗುಳಿಗಳು. ಮನೆಯಿಂದ ಯಾರಾದರೂ ದೂರಕ್ಕೆ ಹೊರಟರೆ ತಾಯಿಯಾದವಳು ಇದನ್ನು ಹಾಲಿನಲ್ಲಿ ಅದ್ದಿ, ಹೋಗುವವರ ಬೆನ್ನ ಹಿಂದೆ ಆಕಾಶಕ್ಕೆ ಚಿಮುಕಿಸುತ್ತಾಳೆ. ಹಾಲು ಬಿದ್ದ ದಾರಿ ಹೋದವರನ್ನು ಮರಳಿ ಕರೆತರುತ್ತದೆ. ಇದೇರ್ ನದಿಯ ದಂಡೆಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಮಕ್ಕಳು ನಡೆಯಲು ಕಲಿತ ಹಾಗೆ ಇದನ್ನೂ ಕಲಿಯುತ್ತವೆ.

ಈ ಸೌಟು ಯಂಜಿಮಾಳದು. ಅವಳ ತಾಯಿಯದು, ಅದಕ್ಕೂ ಮೊದಲು ಅಜ್ಜಿಯದು. ಹತ್ತೊಂಬತ್ತು ವರ್ಷದ ಹಿಂದೆ, ದೀಕ್ಷಾಸ್ನಾನ ಪಡೆದ ದಿನವೇ ತಂದು ಅವನ ಕೈಗಿಟ್ಟಿದ್ದಳು. “ಇನ್ನು ಆಕಾಶಕ್ಕೆ ಹಾಲು ಹಾಕಲ್ಲ ಅಂತ ಮಾತು ಕೊಟ್ಟೆನಲ್ಲ ಮೇಷ್ಟ್ರೇ. ಇದು ಮನೇಲಿದ್ರೆ ನನ್ನ ಕೈ ಸುಮ್ಮನಿರಲ್ಲ,” ಎಂದಿದ್ದಳು. ಅಲ್ಲಿ ಪಾದ್ರಿಯನ್ನೂ ಮೇಷ್ಟ್ರೆಂದೇ ಕರೆಯುವುದು. ಉಳಿದವರು ತಂದುಕೊಟ್ಟ ಸೌಟುಗಳನ್ನೆಲ್ಲ ಅವನು ಒಲೆಗೆ ಹಾಕಿದ್ದ. ಇದೊಂದನ್ನು ಯಾಕೋ ಹಾಕಲಾಗದೆ ಉಣ್ಣೆಯ ಚೂರಿನಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿಟ್ಟು ಮರೆತುಬಿಟ್ಟಿದ್ದ. ಆಗವನಿಗೆ ಐವತ್ತು. ನಾರ್ವೆಯಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ದೇವರಿಗಿಲ್ಲದ ಅವಸರ ಅವನಿಗಿತ್ತು.

ಮರುವರ್ಷ ಚಳಿಗಾಲ ಸಡಿಲುವ ಹೊತ್ತಿಗೆ ಯಂಜಿಮಾಳ ಒಬ್ಬನೇ ಮಗ ಓಚಿರ್ ಚಿನ್ನದ ಗಣಿಯ ಕೆಲಸಕ್ಕೆಂದು ಲಾರಿ ಹತ್ತಿದ. ತಾಯಿ ಅವನ ಬಲಗೆನ್ನೆಯನ್ನು ಮೂಸಿದಳು. ಎಡಗೆನ್ನೆಯನ್ನು ತಿರುಗಿ ಬಂದ ಮೇಲೆ ಮೂಸಬೇಕು, ಅದು ಅಲ್ಲಿಯ ಪದ್ಧತಿ. ಲಾರಿ ಅಲುಗಿದಾಗ ಅವಳ ಒಂದು ಕೈಯಲ್ಲಿ ಹಾಲಿನ ಬಕೆಟ್ಟಿತ್ತು, ಇನ್ನೊಂದರಲ್ಲಿ ಅಡುಗೆಯ ಸಾದಾ ಸೌಟು. ಅವಳು ತೂರ್ಲೈಫನ ಮುಖ ನೋಡಿದಳು. ಅವನು ಬೇಡವೆಂದು ತಲೆ ಅಲ್ಲಾಡಿಸಿದ. ಅವಳು ಬಕೆಟ್ಟನ್ನು ಕೆಳಗಿಟ್ಟಳು. ಮೂರನೆಯ ದಿನ ನದಿ ದಾಟುವಲ್ಲಿ ಮಂಜುಗಡ್ಡೆ ಬಿರಿದು ಲಾರಿ ಒಳಗೆ ಹೋಯಿತು.

ಅದರ ಬಗ್ಗೆ ಅವಳು ಒಂದು ಮಾತನ್ನೂ ಆಡಲಿಲ್ಲ. ಪ್ರತಿ ಭಾನುವಾರ ಬಂದಳು, ಬಾಗಿಲ ಪಕ್ಕ ಕೂತಳು, ಹಾಡಿದಳು, ಎದ್ದು ಹೋದಳು. ಅವನೂ ಕೇಳಲಿಲ್ಲ. ಹದಿನೆಂಟು ವರ್ಷ ಹೀಗೆಯೇ ಕಳೆಯಿತು.

ಈಗ ಅವನ ಬಳಿ ಉಳಿದದ್ದು ಮೂರು ವಾರ. ಇನ್ನೊಂದು ಚಳಿಗಾಲವನ್ನು ನಿಮ್ಮ ಶ್ವಾಸಕೋಶ ತಡೆಯುವುದಿಲ್ಲ ಎಂದು ಉಲಾನ್‌ಬಾತರಿನ ವೈದ್ಯರು ಹೇಳಿದ್ದರು. ಬಂದುಬಿಡಿ ಎಂದು ನಾರ್ವೆಯಿಂದ ಪತ್ರ ಬಂದಿತ್ತು. ಹೋದರೆ ಮತ್ತೆ ಬರುವುದಿಲ್ಲವೆಂದು ಅವನಿಗೂ ಗೊತ್ತು, ಊರಿಗೂ ಗೊತ್ತು. ಹೋಗುವ ಮೊದಲು ಅವನಿಗೆ ಬೇಕಿದ್ದದ್ದು ಒಂದೇ: ಯಂಜಿಮಾ ಬಾಯಿಬಿಟ್ಟು ಏನಾದರೂ ಅನ್ನಬೇಕು. ಬೈದರೂ ಸರಿ. ಕ್ಷಮಿಸಿದರೆ ಇನ್ನೂ ಸರಿ.

ಸೌಟನ್ನು ಮತ್ತೆ ಸುತ್ತಿಕೊಂಡು ಅವಳ ಗುಡಾರದತ್ತ ನಡೆದ. ದಿಬ್ಬ ಹತ್ತುವಾಗ ಎರಡು ಸಲ ನಿಂತು ಉಸಿರು ಎಳೆದುಕೊಂಡ.

“ನಾಯಿ ಹಿಡ್ಕೊಳ್ಳಿ!” ಎಂದು ಹೊರಗಿನಿಂದಲೇ ಕೂಗಿದ. ಅಲ್ಲಿ ಬಾಗಿಲು ತಟ್ಟುವವರಿಲ್ಲ. ಹೀಗೆ ಕೂಗಿಯೇ ಒಳಗೆ ಹೋಗುವುದು.

“ನಾಯಿಗೆ ಹಲ್ಲುದುರಿ ಎರಡು ವರ್ಷ ಆಯ್ತು ಮೇಷ್ಟ್ರೇ, ನಿಮ್ಮ ಹಾಗೇ. ಬನ್ನಿ ಒಳಗೆ,” ಎಂದಳು ಯಂಜಿಮಾ. ಎಪ್ಪತ್ತನಾಲ್ಕು ದಾಟಿದರೂ ದನಿ ಗಟ್ಟಿ. ಅವಳ ತಂದೆ ರಾತ್ರಿಗಟ್ಟಲೆ ವೀರರ ಕಥೆಯನ್ನು ಪದ್ಯದಲ್ಲಿ ಹೇಳುತ್ತಿದ್ದವನು. ಅವನ ದನಿ ಮಗಳಿಗೆ ಬಂದಿತ್ತು.

ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ಅವನು ಎರಡು ಕೈಯಲ್ಲೂ ತೆಗೆದುಕೊಂಡು, ಒಂದು ಗುಟುಕು ಕುಡಿದು, ಗಂಟನ್ನು ಅವಳ ಮುಂದಿಟ್ಟ. ಅವಳು ಬಿಚ್ಚಿದಳು. ಹೆಬ್ಬೆರಳಿನಿಂದ ಒಂಬತ್ತು ಗುಳಿಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು.

“ಇದನ್ನ ಸುಡಲಿಲ್ವಾ ನೀವು?”

“ಇಲ್ಲ ಅಕ್ಕಾ.”

“ಬೇರೆಯವರದ್ದೆಲ್ಲ ಸುಟ್ಟಿದ್ರಿ.”

“ಹೌದು.”

“ಸುಟ್ಟು ಹೋಯ್ತು ಅಂದ್ಕೊಂಡು ನಾನು ನೆಮ್ಮದಿಯಾಗಿದ್ದೆ,” ಎಂದಳು.

ಹೇಳಬೇಕೆಂದು ಬಂದ ಅವಳ ಮಗನ ಹೆಸರು ಅವನ ನಾಲಿಗೆಯ ತುದಿಯಲ್ಲಿತ್ತು. ಅವಳು ಎದ್ದು, ಕಿತ್ತಳೆ ಬಣ್ಣದ ಪೆಟ್ಟಿಗೆಯಲ್ಲಿ ಸೌಟನ್ನಿಟ್ಟು ಬೀಗ ಹಾಕಿದಳು. “ಕರು ಕೂಗ್ತಿದೆ,” ಎಂದು ಹೊರಗೆ ಹೋದಳು. ಯಾವ ಕರುವೂ ಕೂಗಿರಲಿಲ್ಲ. ಆದರೂ ಅವಳು ಸೌಟನ್ನು ಬೇಡವೆನ್ನದೆ ಒಳಗಿಟ್ಟುಕೊಂಡಳಲ್ಲ ಎಂದು ಅವನ ಮನಸ್ಸು ಸ್ವಲ್ಪ ಹಗುರವಾಯಿತು.

ಎರಡನೆಯ ವಾರ ಅವರಿಬ್ಬರೂ ಹಾಡಿನ ಹಸ್ತಪ್ರತಿಯನ್ನು ಕೊನೆಯ ಸಲ ನೋಡಲು ಕೂತರು. ಅಲ್ಲಿಯ ಸಭೆ ಹಾಡುವ ಪ್ರಾರ್ಥನೆಗಳನ್ನೆಲ್ಲ ಅವರು ಕೂಡಿಯೇ ಕಟ್ಟಿದ್ದು. ಅವನು ಭಾವ ತರುತ್ತಿದ್ದ, ಅವಳು ಪದ್ಯಕ್ಕೆ ಹೊಂದಿಸುತ್ತಿದ್ದಳು. ಅಲ್ಲಿಯವರ ಪದ್ಯದಲ್ಲಿ ಸಾಲುಗಳ ಮೊದಲ ಅಕ್ಷರ ಒಂದಕ್ಕೊಂದು ಕೂಡಬೇಕು. ಕೂಡದಿದ್ದರೆ ಅವಳು ಮುಖ ಸಿಂಡರಿಸಿ, “ನಿಮ್ಮ ಕುದುರೆ ಮುಂಗಾಲಲ್ಲಿ ಕುಂಟ್ತಿದೆ ಮೇಷ್ಟ್ರೇ,” ಎನ್ನುತ್ತಿದ್ದಳು. ಹುಟ್ಟಿಗೆ ಹಾಡಿತ್ತು, ಮದುವೆಗಿತ್ತು, ಸಾವಿಗಿತ್ತು, ಕುರಿಗಳು ಮರಿ ಹಾಕುವ ಕಾಲಕ್ಕೂ ಇತ್ತು. ಪ್ರಯಾಣ ಹೊರಟವರಿಗೆ ಮಾತ್ರ ಇರಲಿಲ್ಲ.

“ಅದೊಂದು ಕಟ್ಟಿಬಿಡೋಣ ಅಕ್ಕಾ. ನಾನೇ ಹೊರಟಿದ್ದೀನಲ್ಲ,” ಎಂದ.

“ಇಷ್ಟು ವರ್ಷ ಅದಿಲ್ಲದೆ ನಡೀತು.”

ಅವನನ್ನು ಊರಿಂದ ಕರೆದೊಯ್ಯಬೇಕಿದ್ದ ಜೀಪಿನ ಸೋದ್ನೋಮ್ ಪಕ್ಕದಲ್ಲೇ ಕೂತು ಒಣಗಿಸಿದ ಮೊಸರಿನ ಗಟ್ಟಿಯೊಂದನ್ನು ಕಡಿಯುತ್ತಿದ್ದ. ಯಂಜಿಮಾಳ ಗಂಡನ ತಮ್ಮನ ಮಗ. ಸಭೆಗೆ ಬಂದವನಲ್ಲ, ಬರುವವನೂ ಅಲ್ಲ.

“ದೇವರ ಹಾಡೆಲ್ಲ ನಮ್ಮ ದೊಡ್ಡಮ್ಮನ ಕೈಲೇ ಕಟ್ಟಿಸಿದ್ರಿ. ನಾಳೆ ಸ್ವರ್ಗದಲ್ಲಿ ಮುಂದಿನ ಸಾಲಲ್ಲಿ ಕೂರೋದು ಯಾರು, ನೀವೋ ಇವಳೋ?” ಎಂದು ಕೇಳಿದ.

“ನಿನ್ನ ದೊಡ್ಡಮ್ಮನೇ.”

“ಇವಳು ಬಾಗಿಲ ಹತ್ರಾನೇ ಕೂರೋದು, ಅಲ್ಲೂ,” ಎಂದು ನಕ್ಕ ಸೋದ್ನೋಮ್.

“ನೀನು ಬಾಗಿಲ ಹೊರಗೆ ನಾಯಿ ಜೊತೆ ಕೂತಿರ್ತೀಯಲ್ಲ, ಮೂಳೆ ಎಸೆಯೋಕೆ ಹತ್ರ ಇರಬೇಕಲ್ಲ ನಾನು,” ಎಂದಳು ಯಂಜಿಮಾ. ಮೂವರೂ ನಕ್ಕರು. ನಗು ಮುಗಿದಾಗ ಅವಳು ಹಸ್ತಪ್ರತಿಯನ್ನು ಮಡಿಸಿ ಅವನ ಮಡಿಲಿಗೆ ಸರಿಸಿಯಾಗಿತ್ತು.

ಕೊನೆಯ ಭಾನುವಾರ ತೂರ್ಲೈಫ್ ಉಪದೇಶ ಮಾಡಲಿಲ್ಲ. ಎದ್ದು ನಿಂತ. ಉದ್ದಕ್ಕೆ ಮಾತಾಡಲು ಉಸಿರು ಸಾಲುತ್ತಿರಲಿಲ್ಲ.

“ನಿಮ್ಮ ತಾಯಂದಿರ ಸೌಟುಗಳನ್ನ ನಾನು ಸುಟ್ಟೆ,” ಎಂದ. “ಹಾಲು ಹಾಕಬೇಡಿ ಅಂದೆ. ಹೊರಟವರಿಗೆ ಒಳ್ಳೇದಾಗಲಿ ಅನ್ನೋ ತಾಯಿಯ ಕೈಯನ್ನ ತಡೆದೆ. ಅದು ದೇವರು ಹೇಳಿದ್ದಲ್ಲ, ನಾನು ಹೇಳಿದ್ದು. ತಪ್ಪಾಯ್ತು. ಕ್ಷಮಿಸಿ.”

ಹೀಗೆ ಹಿರಿಯರೊಬ್ಬರು ಎಲ್ಲರೆದುರು ತಲೆ ತಗ್ಗಿಸಿದರೆ ಎಲ್ಲಿ ನೋಡಬೇಕೆಂದು ಅಲ್ಲಿಯವರಿಗೆ ತಿಳಿಯದು. ಕಡೆಗೆ ಮೂಲೆಯಿಂದ ಮುದುಕನೊಬ್ಬ, “ಹೋಗ್ಲಿ ಬಿಡಿ ಮೇಷ್ಟ್ರೇ, ಆ ವರ್ಷ ನಿಮ್ಮ ಒಲೆ ಚೆನ್ನಾಗಿ ಉರೀತು,” ಎಂದ. ಎಲ್ಲರೂ ನಕ್ಕರು, ಕೆಲವರು ಅತ್ತರು. ಹೆಂಗಸರು ಬಂದು ಅವನ ಕೈ ಹಿಡಿದರು.

ಯಂಜಿಮಾ ನಗಲಿಲ್ಲ. ಕೊನೆಯ ಹಾಡು ಶುರುವಾಗುವ ಮೊದಲೇ ಎದ್ದು ಹೊರಗೆ ಹೋದಳು. ಹತ್ತೊಂಬತ್ತು ವರ್ಷದಲ್ಲಿ ಅವಳು ಹಾಡು ಬಿಟ್ಟು ಹೋದದ್ದು ಅದೇ ಮೊದಲು. ಅಳು ಬಂದಿರಬೇಕು, ಯಾರಿಗೂ ತೋರಿಸಬಾರದೆಂದು ಹೋದಳು ಎಂದುಕೊಂಡ ತೂರ್ಲೈಫ್. ಅಂತೂ ಅವಳ ಎದೆಯ ಗಂಟು ಸಡಿಲಿತು ಎಂದುಕೊಂಡ. ಆ ದಿನ ಅವನು ಬಹಳ ಹೊತ್ತು ದೇವರಿಗೆ ವಂದಿಸಿದ.

ಹೊರಡುವ ಬೆಳಿಗ್ಗೆ ಹುಲ್ಲಿನ ಮೇಲೆ ವರ್ಷದ ಮೊದಲ ಇಬ್ಬನಿ ಹೆಪ್ಪುಗಟ್ಟಿತ್ತು. ಸೋದ್ನೋಮ್ ಜೀಪಿನ ಕೆಳಗೆ ಒಣಸಗಣಿಯ ಕೆಂಡವಿಟ್ಟು ಇಂಜಿನ್ ಬೆಚ್ಚಗೆ ಮಾಡುತ್ತಿದ್ದ. ಊರೆಲ್ಲ ಸೇರಿತ್ತು. ಹೆಂಗಸರ ಕೈಯಲ್ಲಿ ಹಾಲಿನ ಬಕೆಟ್ಟುಗಳಿದ್ದವು, ಬಕೆಟ್ಟುಗಳಲ್ಲಿ ಸೌಟುಗಳು. ಹೆಚ್ಚಿನವು ಅಡುಗೆಯವು, ಎರಡು ಮೂರು ಹೊಚ್ಚ ಹೊಸವು, ಗುಳಿಗಳ ಅಂಚಿನಲ್ಲಿ ಮರದ ನಾರು ಇನ್ನೂ ಎದ್ದಿತ್ತು. ಭಾನುವಾರದ ಮಾತು ಅವರ ಕೈಗಳನ್ನು ಬಿಡಿಸಿತ್ತು. ಅದನ್ನು ಕಂಡು ಅವನ ಕಣ್ಣು ತುಂಬಿತು.

ಯಂಜಿಮಾ ಬರಿಗೈಯಲ್ಲಿ ಬಂದಿದ್ದಳು. ನಿಲುವಂಗಿಯ ಉದ್ದ ತೋಳುಗಳೊಳಗೆ ಎರಡೂ ಕೈ ಅಡಗಿಸಿ, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಅವನೇ ಅವಳ ಬಳಿಗೆ ಹೋದ.

“ಅಕ್ಕಾ, ನಿಮ್ಮ ಕೈಯಿಂದ ನನಗೊಂದು ಸೌಟು ಹಾಲು ಹಾಕಿ.”

“ತಿರುಗಿ ಬರೋರಿಗೆ ಹಾಕೋದು ಅದು. ನೀವು ಬರಲ್ಲ.”

“ಬರಲ್ಲ. ಆದರೂ ಹಾಕಿ. ಓಚಿರ್ ಹೊರಟ ದಿನ ನಾನು ಬೇಡ ಅಂದೆ. ಅದು ನನ್ನ ತಪ್ಪು.”

ಆ ಹೆಸರು ಅವರಿಬ್ಬರ ನಡುವೆ ಬಂದು ಹದಿನೆಂಟು ವರ್ಷವಾಗಿತ್ತು. ಅವಳು ನದಿಯ ಕಡೆ ನೋಡಲಿಲ್ಲ. ಅವನನ್ನೇ ನೋಡಿದಳು.

“ಮೇಷ್ಟ್ರೇ, ದಿನಾ ಬೆಳಿಗ್ಗೆ ಎದ್ದ ತಕ್ಷಣ ನಾನು ಒಂದೇ ಮಾತು ಹೇಳ್ಕೊಳ್ಳೋದು. ಹಾಲು ಬರೀ ಹಾಲು. ನಾನು ಹಾಕಿದ್ರೂ ಆ ಮಂಜುಗಡ್ಡೆ ಒಡೀತಿತ್ತು. ಆ ಮಾತು ಹೇಳಿಕೊಟ್ಟೋರು ನೀವು. ಪ್ರಾರ್ಥನೆಗಿಂತ ಮೊದಲು ಅದನ್ನ ಹೇಳ್ಕೊಂಡೇ ಒಲೆ ಹಚ್ಚಿದೀನಿ, ಹಾಲು ಕರೆದಿದೀನಿ, ನಿಮ್ಮ ಹಾಡು ಕಟ್ಟಿದೀನಿ. ಭಾನುವಾರ ಎದ್ದು ನಿಂತು ಅದು ತಪ್ಪು ಅಂದುಬಿಟ್ರಿ. ನಿಮ್ಮ ಎದೆ ಹಗುರಾಯ್ತು. ಇವತ್ತು ನಿಮಗೆ ಹಾಕಿದ್ರೆ ಅದರಲ್ಲಿ ಏನೋ ಇದೆ ಅಂತಾಯ್ತು. ಇವತ್ತು ಇದ್ದದ್ದು ಅವತ್ತೂ ಇತ್ತು ಅಂತಾಯ್ತು. ಆಮೇಲೆ ನನ್ನ ಮಗನ್ನ ನೀರಿಗೆ ಹಾಕಿದೋಳು ನಾನೇ ಅಲ್ವಾ? ಬಕೆಟ್ಟು ಕೆಳಗಿಟ್ಟ ಕೈ ನಂದು, ನಿಮ್ಮದಲ್ಲ.”

ಅವನ ಎದೆಯೊಳಗೆ ಉಸಿರು ಹಳೆಯ ತಿದಿಯ ಹಾಗೆ ಸುಯ್ಯೆಂದಿತು. ತಾನು ಮೂರು ವಾರ ಅವಳಿಂದ ಬೇಡುತ್ತಿದ್ದದ್ದು ಏನೆಂದು ಅವನಿಗೆ ಈಗ ಕಂಡಿತು. ಆದರೂ ಬೇಡುವುದನ್ನು ಬಿಡಲಾಗಲಿಲ್ಲ.

“ಹಾಗಾದರೆ ಬರೀ ಹಾಲು ಅಂತಲೇ ಹಾಕಿ ಅಕ್ಕಾ,” ಎಂದ, ಬಲು ಸಣ್ಣ ದನಿಯಲ್ಲಿ.

ಯಂಜಿಮಾ ತೋಳಿನಿಂದ ಕೈ ಹೊರತೆಗೆದಳು. ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ ಬಲಗೆನ್ನೆಯನ್ನು ಮೂಸಿದಳು. ಆಮೇಲೆ, ತಿರುಗಿ ಬಂದ ಮೇಲೆ ಮೂಸಬೇಕಿದ್ದ ಎಡಗೆನ್ನೆಯನ್ನೂ ಮೂಸಿದಳು. ಕಂಡವರೆಲ್ಲ ಮುಖ ತಿರುಗಿಸಿಕೊಂಡರು. ಸೋದ್ನೋಮ್ ಬಗ್ಗಿ, ಆರಿಹೋದ ಕೆಂಡವನ್ನು ಮತ್ತೆ ಕೆದಕಿದ. ಅವಳು ಒಂದು ಹೆಜ್ಜೆ ಹಿಂದೆ ಸರಿದು ಕೈಗಳನ್ನು ತೋಳಿನೊಳಗೆ ಸೇರಿಸಿಕೊಂಡಳು.

“ಇಲ್ಲ ಮೇಷ್ಟ್ರೇ,” ಎಂದಳು. “ನಾನು ಹಾಕಲ್ಲ.”