ಇಂಗಿನ ಡಬ್ಬಿಯ ಬೆಳ್ಳಿ

ಅಂಟುವಾಳದ ನೊರೆಯ ವಾಸನೆ ಇವತ್ತಿಗೂ ನನ್ನ ನೆನಪಿನಲ್ಲಿದೆ. ತುಸು ಒಗರು, ತುಸು ಹುಳಿ, ಮಳೆಗೆ ನೆನೆದ ತೊಗಟೆಯ ಹಾಗೆ. ನನ್ನ ಬಾಲ್ಯವೆಂದರೆ ಆ ವಾಸನೆಯೇ. ನಾನು ಐದು ಗ್ರಾಂ ತೂಕದ ಒಂದು ಬೆಳ್ಳಿ ನಾಣ್ಯ. ಒಂದು ಮುಖದಲ್ಲಿ ಕಮಲದ ಮೇಲೆ ಕೂತ ಲಕ್ಷ್ಮಿ, ಇನ್ನೊಂದರಲ್ಲಿ ತುಂಬಿದ ಕಳಸ. ನನ್ನನ್ನು ಕಿರಾಣಿ ಅಂಗಡಿಗೆ ಒಯ್ದರೆ ಒಂದು ಬೆಂಕಿಪೊಟ್ಟಣವೂ ಸಿಗುವುದಿಲ್ಲ. ನಾನು ಕೊಟ್ಟು ಕೊಳ್ಳುವವರ ನಾಣ್ಯವಲ್ಲ, ಕೂಡಿಡುವವರ ನಾಣ್ಯ.

ಹುಬ್ಬಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ಯಾರದೋ ಕಾಲ್ಗೆಜ್ಜೆ, ಯಾರದೋ ಕುಂಕುಮದ ಬಟ್ಟಲು, ಸೀಳುಬಿಟ್ಟ ಆರತಿ ತಟ್ಟೆ ಎಲ್ಲವೂ ಒಂದೇ ಮೂಸೆಯಲ್ಲಿ ಕರಗಿದವು. ಆ ಹೊತ್ತಿನಲ್ಲಿ ಯಜಮಾನ ಕೆಲಸಗಾರನ ಕಿವಿಯ ಬಳಿ ಬಾಗಿ ಏನೋ ಹೇಳಿದ. ‘ತಾಮ್ರ’ ಎಂಬ ಒಂದು ಮಾತು ಮಾತ್ರ ನನಗೆ ಕೇಳಿಸಿತು. ಹಾಕು ಎಂದನೋ, ಹಾಕಬೇಡ ಎಂದನೋ ತಿಳಿಯಲಿಲ್ಲ. ಆ ಒಂದು ಮಾತು ಬಹಳ ವರ್ಷ ನನ್ನ ಬೆನ್ನು ಬಿಡಲಿಲ್ಲ.

ಅಚ್ಚೊತ್ತಿದ ಮೇಲೆ ನಮ್ಮನ್ನು ಅಂಟುವಾಳದ ನೀರಿನಲ್ಲಿ ತಿಕ್ಕುತ್ತಿದ್ದವಳು ದ್ರಾಕ್ಷಾಯಣಿ. ಅವಳ ಬೆರಳಿನಿಂದ ನಾನು ಜಾರಿ ಕಲ್ಲಿನ ನೆಲಕ್ಕೆ ಬಿದ್ದೆ. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಮುಕ್ಕಾಯಿತು. ಮೇಸ್ತ್ರಿ ನೋಡಿದ್ದರೆ ಅವಳ ಆ ದಿನದ ಕೂಲಿ ಹೋಗುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತಲೆ ಎತ್ತದೆಯೇ ನನ್ನನ್ನು ಎತ್ತಿ ತಾನು ತೊಳೆದಿಟ್ಟ ನಾಣ್ಯಗಳ ನಡುವೆ ಸೇರಿಸಿಬಿಟ್ಟಳು. ನಾನು ಲೋಕದಲ್ಲಿ ಕಂಡ ಮೊದಲ ಒಳ್ಳೆಯತನ ಅದು. ಆದರೆ ಅದರಿಂದಲೇ ನಾನು ಕಳ್ಳದಾರಿಯಲ್ಲಿ ಹೊರಬಿದ್ದ ನಾಣ್ಯವೂ ಆದೆ.

ನನ್ನನ್ನು ಮೊದಲು ಕೊಂಡವರು ಧಾರವಾಡದ ಇನಾಮದಾರ ಸಾಹೇಬರು. ಒಂದು ಗ್ರಾಂ, ಎರಡು ಗ್ರಾಂ, ಐದು ಗ್ರಾಂ ಎಂದು ಸಣ್ಣ ಬೆಳ್ಳಿ ನಾಣ್ಯಗಳನ್ನು ಕೂಡಿಹಾಕುವುದು ಅವರ ಹವ್ಯಾಸ. ಕೈಗೆ ಬಿಳಿ ಗವಸು ಹಾಕಿಕೊಂಡೇ ನನ್ನನ್ನು ಮುಟ್ಟುತ್ತಿದ್ದರು. ಅಯಸ್ಕಾಂತ ಹಿಡಿದು ನೋಡಿದರು. ಅಪ್ಪಟ ಬೆಳ್ಳಿಯ ಮೇಲೆ ಬೇಗ ಕರಗುತ್ತದಂತೆ ಎಂದು ನನ್ನ ಮೇಲೆ ಮಂಜುಗಡ್ಡೆಯ ಚೂರಿಟ್ಟು ಗಡಿಯಾರ ನೋಡಿದರು. ಪ್ರತಿ ಭಾನುವಾರ ತೂಗುತ್ತಿದ್ದರು, ನಾನು ವಾರದಲ್ಲಿ ಸವೆದೇನೋ ಎಂಬಂತೆ. ಕಪಾಟಿನ ಧೂಳು ಒರೆಸಲು ಬಂದ ಹೆಂಡತಿಯ ಕೈಯ ಮೇಲೂ ಅವರಿಗೆ ಕಣ್ಣು. ಮೂರು ವರ್ಷ ಕಳೆದ ಮೇಲೆ, ಹೊಸ ಭೂತಕನ್ನಡಿ ತಂದ ದಿನ, ನನ್ನ ಮುಕ್ಕು ಅವರಿಗೆ ಕಂಡಿತು. ಮರುವಾರವೇ ಗದಗಿಗೆ ಬಂದು ನನ್ನನ್ನು ಮಾರಿದರು.

ಗದಗಿನ ಸರಾಫರ ಓಣಿಯಲ್ಲಿ ಬಾಗಿಲಷ್ಟೇ ಅಗಲದ ಅಂಗಡಿ ಗಜಾನನ ವೆರ್ಣೇಕರರದು. ಮನೆಯಲ್ಲಿ ಬೇರೆ ಯಾರೂ ಇಲ್ಲದ ಮನುಷ್ಯ. ಅವರು ನನ್ನನ್ನು ಒಮ್ಮೆ ಕಲ್ಲಿನ ಮೇಲೆ ಚಿಮ್ಮಿ, ಆ ಸದ್ದಿಗೆ ಕಿವಿಗೊಟ್ಟು, ಡ್ರಾದಲ್ಲಿ ಹಾಕಿಕೊಂಡರು. ಇಷ್ಟೇ ಪರೀಕ್ಷೆಯೇ ಎಂದು ನನಗೇ ಅನುಮಾನ ಬಂತು. ಅನುಮಾನವಿಲ್ಲದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಓಣಿಯ ತಿರುವಿನಲ್ಲಿ ಬಸಲಿಂಗವ್ವನ ಖಾನಾವಳಿ. ಬಾಡಿಗೆಯ ಒಂದು ಕೋಣೆ, ಎರಡು ಒಲೆ, ಗೋಡೆಗುಂಟ ಮಣೆಗಳು. ಇಪ್ಪತ್ತೆರಡು ವರ್ಷ ಅಲ್ಲಿ ರೊಟ್ಟಿ ಬಡಿದಿದ್ದರು. ವೆರ್ಣೇಕರರಿಗೆ ದಿನವೂ ಮಧ್ಯಾಹ್ನ ಅಲ್ಲಿಂದಲೇ ಬುತ್ತಿ ಹೋಗಲು ಶುರುವಾಗಿತ್ತು. ತಿಂಗಳಿಗೊಂದು ಬೆಳ್ಳಿ ನಾಣ್ಯ ಕೊಳ್ಳಬೇಕೆಂದು ಬಸಲಿಂಗವ್ವ ಮೊದಲ ಸಲ ಅಂಗಡಿಗೆ ಬಂದ ದಿನ, ನನ್ನನ್ನು ಎತ್ತಿಕೊಂಡು ಹಲ್ಲಿನಿಂದ ಕಚ್ಚಿ ನೋಡಿದರು.

“ಅಣ್ಣಾರ, ಅಂಚು ಮುಕ್ಕಾಗೇತಲ್ರಿ,” ಎಂದರು.

“ಇರ್ಲಿ ತಗೋರಿ ಅಕ್ಕಾರ. ಸಾವಿರದಾಗ ಕಳದ್ರೂ ಗುರ್ತು ಹತ್ತತೈತಿ,” ಎಂದರು ವೆರ್ಣೇಕರರು.

ಖಾನಾವಳಿಯಲ್ಲಿ ನಿತ್ಯ ಉಣ್ಣುವ ಹಿರೇಮಠ ಮಾಸ್ತರರು ಗಣಿತ ಕಲಿಸಿ ನಿವೃತ್ತರಾದವರು. ಸಣ್ಣ ನಾಣ್ಯಕ್ಕೆ ಮಜೂರಿ, ಅಂದರೆ ತಯಾರಿಯ ಕೂಲಿ, ಹೆಚ್ಚು ಬೀಳುತ್ತದೆ, ನೂರು ಗ್ರಾಮಿನ ಒಂದೇ ಗಟ್ಟಿ ಕೊಳ್ಳುವುದು ಜಾಣತನ ಎಂದು ಅವರು ಬಸಲಿಂಗವ್ವನಿಗೆ ಲೆಕ್ಕ ಹೇಳಿದರು. ಗಟ್ಟಿ ತಗೊಂಡರೆ ಸಣ್ಣ ಅಡಚಣೆಗೂ ಗಟ್ಟಿಯನ್ನೇ ಮಾರಬೇಕು, ಚಿಲ್ಲರೆಯಿದ್ದರೆ ಬೇಕಾದಷ್ಟೇ ತೆಗೆಯಬಹುದು, ರೊಟ್ಟಿಯನ್ನೂ ಒಂದೊಂದೇ ಬಡಿಯುತ್ತೇವಲ್ಲ ಎಂದು ಬಸಲಿಂಗವ್ವ ನಕ್ಕರು.

ಖಾನಾವಳಿಯ ಮೇಲಿನ ಹಲಗೆಯಲ್ಲಿ ಒಂದು ತಗಡಿನ ಡಬ್ಬಿಯಿತ್ತು. ಗಟ್ಟಿ ಇಂಗಿನ ಡಬ್ಬಿ. ಅದರೊಳಗೆ ಇಂಗಿನ ಗಡ್ಡೆಯ ಪಕ್ಕದಲ್ಲಿ ಒಂದು ಬಟ್ಟೆಯ ಚೀಲ, ಚೀಲದೊಳಗೆ ನಾನು. ಕಳ್ಳ ಅಕ್ಕಿ ಡಬ್ಬಿ ನೋಡುತ್ತಾನೆ, ದೇವರ ಜಗಲಿ ನೋಡುತ್ತಾನೆ, ಇಂಗಿಗೆ ಯಾರು ಕೈ ಹಾಕುತ್ತಾರೆ ಎಂಬುದು ಬಸಲಿಂಗವ್ವನ ಯೋಚನೆ. ಕೂಡಿಟ್ಟದ್ದನ್ನು ನೋಡಿದರೆ ದೃಷ್ಟಿ ತಾಕುತ್ತದೆ ಎಂಬ ನಂಬಿಕೆಯೂ ಇತ್ತು. ಹಾಗಾಗಿ ತಿಂಗಳಿಗೊಮ್ಮೆ ಮುಖ ಅತ್ತ ತಿರುಗಿಸಿ, ಹೊಸ ನಾಣ್ಯವನ್ನು ಚೀಲದ ಬಾಯೊಳಗೆ ತೂರಿಸಿ ಡಬ್ಬಿ ಮುಚ್ಚುತ್ತಿದ್ದರು. ಐದು ವರ್ಷದಲ್ಲಿ ನಾವು ಐವತ್ತೆಂಟಾದೆವು. ಎರಡು ತಿಂಗಳು ಅವರಿಗೆ ಜ್ವರ ಬಂದು ಖಾನಾವಳಿ ಮುಚ್ಚಿತ್ತು.

ಆ ಕತ್ತಲೆಯಲ್ಲಿ ನನ್ನ ಮೈ ಬದಲಾಗತೊಡಗಿತು. ಮೊದಲು ಹಳದಿ, ಆಮೇಲೆ ಕಂದು, ಆಮೇಲೆ ಕಾಡಿಗೆ. ನನಗೆ ಆ ಹಳೆಯ ಮಾತು ನೆನಪಾಯಿತು. ತಾಮ್ರ ಹಾಕಿಯೇ ಇದ್ದನೇನೋ. ಪಕ್ಕದ ನಾಣ್ಯಗಳೂ ಕಪ್ಪಾದಾಗ ಅವುಗಳ ಮೇಲೂ ಅನುಮಾನ ಬಂತು, ನಮ್ಮೆಲ್ಲರನ್ನೂ ಮಾರಿದ ವೆರ್ಣೇಕರರ ಮೇಲೂ ಬಂತು. ಒಮ್ಮೆ ಮಾತ್ರ ಕಲ್ಲಿಗೆ ಚಿಮ್ಮಿ ಒಳಗೆ ಹಾಕಿಕೊಂಡ ಮನುಷ್ಯ!

ಆ ವರ್ಷ ಕೋಣೆಯ ಮಾಲೀಕರು ಕೋಣೆ ಮಾರಲು ನಿಂತರು. ಯುಗಾದಿಯೊಳಗೆ ಮುಂಗಡ ಕೊಟ್ಟರೆ ಬಸಲಿಂಗವ್ವನಿಗೇ, ಇಲ್ಲದಿದ್ದರೆ ಮೊಬೈಲ್ ಅಂಗಡಿಯವರಿಗೆ ಎಂದರು. ಯುಗಾದಿಗೆ ಒಂಬತ್ತು ದಿನ ಉಳಿದಿತ್ತು. ಬಸಲಿಂಗವ್ವ ಡಬ್ಬಿ ಇಳಿಸಿ, ಚೀಲವನ್ನು ಹಿಟ್ಟು ನಾದುವ ಪರಾತದಲ್ಲಿ ಸುರಿದರು. ಹೋದ ತಿಂಗಳಿನದೊಂದು ಬಿಟ್ಟು ನಾವೆಲ್ಲ ಇದ್ದಿಲಿನ ಬಿಲ್ಲೆಗಳಂತೆ ಉರುಳಿದೆವು. ಅವರು ಸೆರಗಿನಿಂದ ನನ್ನನ್ನು ತಿಕ್ಕಿದರು. ಇನ್ನೊಮ್ಮೆ ತಿಕ್ಕಿದರು. ಆಮೇಲೆ ಪರಾತವನ್ನು ಮುಂದಿಟ್ಟುಕೊಂಡೇ ಒಲೆಯ ಬಳಿ ಕೂತರು.

ಮಾಸ್ತರರು ಉಣ್ಣಲು ಬಂದವರು ನಮ್ಮನ್ನು ನೋಡಿದರು. ವೆರ್ಣೇಕರ ಮಜೂರಿ ಎಷ್ಟು ಹಚ್ಚುತ್ತಿದ್ದ ಎಂದು ಕೇಳಿದರು. ಹಚ್ಚುತ್ತಿರಲಿಲ್ಲ, ಬರೀ ಬೆಳ್ಳಿಯ ದರ ತೆಗೆದುಕೊಳ್ಳುತ್ತಿದ್ದರು ಎಂದರು ಬಸಲಿಂಗವ್ವ. ಮಾಸ್ತರರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಅಲ್ಲೇ ಐತಿ ನೋಡವಾ ಗಂಟು. ಮಜೂರಿ ಬಿಟ್ಟಾನಂದ್ರ ಬೆಳ್ಳಿಯೊಳಗ ತಗೊಂಡಾನ. ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡೂದಿಲ್ಲಂತ, ನಿಂದು ಬಿಡ್ತಾನೇನು?”

ಅಂದು ವೆರ್ಣೇಕರರ ಬುತ್ತಿ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಯಾಕೆಂದು ಬಸಲಿಂಗವ್ವ ಹೇಳಿಕಳಿಸಲಿಲ್ಲ, ಅವರೂ ಕೇಳಿಕಳಿಸಲಿಲ್ಲ. ಕೇಳದೆ ಇದ್ದದ್ದೇ ತಪ್ಪೊಪ್ಪಿಗೆ ಎಂದರು ಮಾಸ್ತರರು. ನಾಲ್ಕನೆಯ ದಿನ ಬಸಲಿಂಗವ್ವ ಚೀಲವನ್ನು ಸೆರಗಿನಡಿ ಹಿಡಿದು, ಮಾಸ್ತರರನ್ನು ಸಾಕ್ಷಿಗೆ ಕರೆದುಕೊಂಡು ಅಂಗಡಿಗೆ ಬಂದರು.

ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಹಾಳೆಯ ಮೇಲೆ ಅರ್ಧ ತಿಂದ ಚುರಮುರಿ, ಒಂದು ಬಾಳೆಹಣ್ಣಿನ ಸಿಪ್ಪೆ. ಬಸಲಿಂಗವ್ವ ಅದನ್ನು ನೋಡಿ ಮುಖ ತಿರುಗಿಸಿದರು. ವೆರ್ಣೇಕರರು ಕೂಡ್ರಿ ಎಂದರೆ ಕೂಡಲಿಲ್ಲ. ನಮ್ಮನ್ನು ಗಾಜಿನ ಮೇಲೆ ಸುರಿದರು.

“ಐದು ವರ್ಷ ನಂಬಿ ತಗೊಂಡೀನ್ರಿ. ಇದು ಬೆಳ್ಳಿ ಹೌದೋ ಅಲ್ಲೋ, ಬಾಯಿಲೆ ಹೇಳಬ್ಯಾಡ್ರಿ. ತೋರಸ್ರಿ.”

ವೆರ್ಣೇಕರರು ನಮ್ಮನ್ನು ಗಾಜಿನ ಮೇಲೆ ಹರಡಿದರು. ಆಮೇಲೆ ಮುಕ್ಕಿನ ಗುರುತಿನಿಂದ ನನ್ನನ್ನೇ ಆರಿಸಿದರು. ಅಂಚನ್ನು ಅರದಿಂದ ತುಸು ಉಜ್ಜಿ, ಒರೆಗಲ್ಲಿನ ಮೇಲೆ ಗೆರೆ ಎಳೆದು, ಆ ಗೆರೆಗೆ ಒಂದು ಹನಿ ಆಸಿಡ್ ಬಿಟ್ಟರು. ನನ್ನ ಜೀವ ಆ ಗೆರೆಯಲ್ಲಿತ್ತು. ಹುಟ್ಟಿದಂದಿನಿಂದ ನಾನು ಹೆದರಿದ್ದು ಈ ಗಳಿಗೆಗೇ. ಅದರ ಮೇಲೆ ಅವರು ಉಪ್ಪುನೀರಿನ ಒಂದು ಹನಿ ಬಿಟ್ಟರು. ಹನಿಯೊಳಗೆ ಬೆಳ್ಳಗೆ, ದಟ್ಟವಾಗಿ ಏನೋ ಕಟ್ಟಿತು.

“ಮಸರು ಹೆಪ್ಪಾದಂಗ ಆತಲ್ರಿ,” ಎಂದರು ಬಸಲಿಂಗವ್ವ, ತಮಗರಿವಿಲ್ಲದೆ ಬಾಗಿ.

ಬೆಳ್ಳಿಯಿದ್ದರೆ ಮಾತ್ರ ಹೀಗೆ ಕಟ್ಟುತ್ತದೆ, ತಾಮ್ರ ಹೆಚ್ಚಿದ್ದರೆ ಹಸಿರು ತಿರುಗುತ್ತಿತ್ತು ಎಂದು ವೆರ್ಣೇಕರರು ಹೇಳಿದರು. ಆಮೇಲೆ ನನ್ನನ್ನು ಮೂಗಿನ ಹತ್ತಿರ ಹಿಡಿದರು. ಅವರ ಮುಖ ನಿಧಾನವಾಗಿ ಸಡಿಲಾಯಿತು.

“ಅಕ್ಕಾರ, ಇವನ್ನ ಎದರಾಗ ಇಟ್ಟಿದ್ರಿ?”

“ಇಂಗಿನ ಡಬ್ಬ್ಯಾಗ.”

ಇಂಗಿನಲ್ಲಿ ಗಂಧಕದ ಗುಣವಿದೆ, ಅದರ ಗಾಳಿ ಬಡಿದರೆ ಬೆಳ್ಳಿ ಕಪ್ಪಾಗದೆ ಇರದು ಎಂದು ಅವರು ಬಿಡಿಸಿ ಹೇಳಿದರು. “ಸ್ಟೀಲಿನ ಚೂರು ಇಟ್ಟಿದ್ರ ಈಗೂ ಹೊಳಕೋತ ಕೂತಿರ್ತಿತ್ತು. ಬೆಳ್ಳಿ ಅಂತನ ಕಪ್ಪಾಗ್ಯಾವು.”

ಮಾಸ್ತರರು ಕನ್ನಡಕ ಒರೆಸಿಕೊಂಡರು. ಅವರ ಗಣಿತ ಇನ್ನೂ ಮುಗಿದಿರಲಿಲ್ಲ. ಮಜೂರಿ ಯಾಕೆ ಬಿಟ್ಟೆ, ಅದನ್ನು ಹೇಳು ಎಂದರು. ವೆರ್ಣೇಕರರು ಒರೆಗಲ್ಲನ್ನು ಬಟ್ಟೆಯಿಂದ ಒರೆಸುತ್ತ, ಕಲ್ಲಿಗೇ ಹೇಳುವವರಂತೆ ಹೇಳಿದರು.

“ಬುತ್ತಿಗೆ ಎರಡು ರೊಟ್ಟಿ ಅಂತ ಮಾತಾಗಿತ್ತು. ಮರುದಿನದಿಂದ ಮೂರು ಬಂದೂವು. ಬುತ್ತಿ ನಿಲ್ಲೂತನ ಮೂರ ಬರ್ತಿದ್ದೂವು. ಆ ಮೂರನೇದಕ್ಕ ಅಕ್ಕಾರು ರೊಕ್ಕ ಕೇಳಲಿಲ್ಲ. ನಾ ಮಜೂರಿ ಕೇಳಲಿಲ್ಲ.”

ಬಸಲಿಂಗವ್ವ ಈಗ ಸ್ಟೂಲಿನ ಮೇಲೆ ಕೂತರು. “ಇಂಗು ತಿಂದ ಮಂಗ್ಯಾನಂಗಾತು ನನ್ನ ಪಾಡು,” ಎಂದರು. ಸಾಕು, ನಾಣ್ಯಗಳನ್ನು ಚೀಲಕ್ಕೆ ಹಾಕಿರಿ ಎಂದು ಕೈ ಚಾಚಿದರು. ವೆರ್ಣೇಕರರು ಕೊಡಲಿಲ್ಲ.

“ಒಂದು ನೋಡೀವಿ, ಇನ್ನ ಐವತ್ತೇಳು ಅದಾವು. ಅರ್ಧಾ ಅನುಮಾನ ಮನಿಗೆ ಒಯ್ಯಬ್ಯಾಡ್ರಿ ಅಕ್ಕಾರ.”

ಒಂದೊಂದನ್ನೂ ಒರೆಗೆ ಹಚ್ಚಿದರು. ಮುಗಿಯುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗಿತ್ತು. ಆಮೇಲೆ ಒಂದು ಬೋಗುಣಿಯಲ್ಲಿ ಬಿಸಿನೀರು ಹಾಕಿ, ಅದರಲ್ಲಿ ಕಾಯಿ ಕಿವುಚಿದರು. ನೊರೆ ಎದ್ದಿತು. ತುಸು ಒಗರು, ತುಸು ಹುಳಿ. ಅಂಟುವಾಳ! ಬ್ರಷ್ಷು ನನ್ನ ಮೈಮೇಲೆ ಎಷ್ಟೋ ಸಲ ಹೋಗಿಬಂತು. ಕಪ್ಪೆಲ್ಲ ಹೋಗಲಿಲ್ಲ, ಲಕ್ಷ್ಮಿಯ ಸೀರೆಯ ನೆರಿಗೆಯಲ್ಲಿ, ಕಳಸದ ಕಂಠದಲ್ಲಿ ಸ್ವಲ್ಪ ಉಳಿಯಿತು. ಅದು ಈಗಲೂ ಇದೆ.

ಐವತ್ತೇಳು ನಾಣ್ಯಗಳನ್ನು ಅಂದೇ ಮಾರಿ ಬಸಲಿಂಗವ್ವ ಮುಂಗಡ ಕಟ್ಟಿದರು. ಕೋಣೆ ಅವರಿಗೇ ನಿಕ್ಕಿಯಾಯಿತು. ನನಗೆ ಮುಕ್ಕಿನ ಜೊತೆಗೆ ಅರದ ಗಾಯವೂ ಆಗಿತ್ತು. ಇದೊಂದು ಇರಲಿ ಎಂದು ನನ್ನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಈಗ ನನಗೆ ವಯಸ್ಸಾಗಿದೆ. ಒಲೆಯ ಮೇಲಿನ ಗೂಡಿನಲ್ಲಿ, ಇಂಗಿನಿಂದ ದೂರ ಇದ್ದೇನೆ. ಅಯಸ್ಕಾಂತ, ಮಂಜುಗಡ್ಡೆ, ಹಲ್ಲು, ಆಸಿಡ್ ಎಲ್ಲವನ್ನೂ ದಾಟಿ ಬಂದೆ. ಆದರೂ ಯಾರಾದರೂ ನನ್ನ ಎದುರಿಗೆ ಬಂದರೆ ಮೊದಲು ಅವರ ಮುಖವನ್ನೇ ಅನುಮಾನದಿಂದ ನೋಡುತ್ತೇನೆ. ಹುಟ್ಟುಗುಣ, ಬಿಡುವುದಿಲ್ಲ. ಹಾಗೆ ನೋಡದೆ ಇದ್ದದ್ದು ಒಂದೇ ಸಲ, ಕೋಣೆಗೆ ಮುಂಗಡ ಕಟ್ಟಿದ ಮರುದಿನ ಮಧ್ಯಾಹ್ನ.

ಅಂದು ಬಸಲಿಂಗವ್ವ ಬುತ್ತಿಯನ್ನು ಯಾರ ಕೈಗೂ ಕೊಡದೆ ತಾವೇ ಹೊತ್ತು ಹೊರಟರು. ಸೆರಗಿನ ಗಂಟಿನೊಳಗಿದ್ದ ನನಗೆ ಬಿಸಿರೊಟ್ಟಿಯ ಕಾವು ತಾಗುತ್ತಿತ್ತು. ಅಂಗಡಿಯಲ್ಲಿ ವೆರ್ಣೇಕರರು ತಕ್ಕಡಿಯ ಮುಂದೆ ಬಾಗಿದ್ದರು; ಗಂಟಿನ ಸಂದಿಯಿಂದ ಆ ಮುಖವನ್ನು ನಾನು ಅನುಮಾನವಿಲ್ಲದೆ ನೋಡಿದೆ. ಬಸಲಿಂಗವ್ವ ಚುರಮುರಿಯ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಬುತ್ತಿಯನ್ನು ಅವರ ಎರಡೂ ಕೈಗೆ ಕೊಟ್ಟರು.